ಮೊಳೆ ಹೊಡೆಯಬಾರದು

ನಮ್ಮ ಓನರ್ ಮಗ ಅಮೆರಿಕದಿಂದ ವಾಪಸು ಬರುತ್ತಿದ್ದಾನೆ. ಈ ವಾಕ್ಯದ ಅರ್ಥವನ್ನು ಬೆಂಗಳೂರಿನ ಬಾಡಿಗೆದಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಊರಿನ ಓನರುಗಳ ಮಕ್ಕಳೆಲ್ಲ ಅಮೆರಿಕದಲ್ಲೇ ಇರುತ್ತಾರೆ. ಬಾಡಿಗೆ ಏರಿಸಿ ಎಂದಾಗ ಟೆನೆಂಟು ತಲೆ ಕೆರೆದುಕೊಂಡರೆ ಸಾಕು, ಮರುದಿನವೇ ಅವರಿಗೆ ತಾಯ್ನಾಡು ನೆನಪಾಗುತ್ತದೆ. ಮನೆ ಖಾಲಿಯಾಗಿ, ಎಂಟು ಸಾವಿರ ಹೆಚ್ಚು ಕೊಡುವವರು ಬಂದು ಹಾಲುಕ್ಕಿಸುವ ಹೊತ್ತಿಗೆ ತಾಯ್ನಾಡಿನ ಮೋಹ ಇಳಿದಿರುತ್ತದೆ. ನಮ್ಮ ಓನರ್ ಮಗ ಇರುವುದು ದಾವಣಗೆರೆಯಲ್ಲಿ, ಮಾವನ ಮನೆಯ ಮಹಡಿಯಲ್ಲಿ. ಅದು ನನಗೆ ಗೊತ್ತು. ನನಗೆ ಗೊತ್ತು ಎನ್ನುವುದು ಓನರಿಗೂ ಗೊತ್ತು. ಆದರೂ ಅವರು ಅಮೆರಿಕ ಎಂದೇ ಅಂದರು, ನಾನೂ 'ಒಳ್ಳೇದಾಯ್ತು ಸಾರ್, ವಯಸ್ಸಾದ ಕಾಲಕ್ಕೆ ಮಗ ಹತ್ರ ಇರಬೇಕು' ಅಂದೆ. ಕೆಲವು ಸಂಪ್ರದಾಯಗಳನ್ನು ಎರಡೂ ಕಡೆಯವರು ಸೇರಿಯೇ ಉಳಿಸಿಕೊಂಡು ಬರಬೇಕು.

ಗಿರಿನಗರದ ಈ ಎರಡನೇ ಮಹಡಿಗೆ ಬಂದು ಆರು ವರ್ಷ. 12,000 ಬಾಡಿಗೆಗೆ ಬಂದದ್ದು, ಹನ್ನೊಂದು ತಿಂಗಳಿಗೊಮ್ಮೆ ಶೇಕಡಾ 5ರಂತೆ ಏರುತ್ತಾ 16,000 ಮುಟ್ಟಿತ್ತು. ಈಗ ಓನರಿಗೆ 24,000 ಬೇಕು. ಎದುರು ಮನೆಯವರಿಗೆ 25 ಬರುತ್ತಂತೆ. ಬೆಂಗಳೂರಿನಲ್ಲಿ ಬಾಡಿಗೆ ನಿಗದಿ ಮಾಡುವುದು ಈ ಎದುರು ಮನೆಯವರು. ಅವರನ್ನು ಕೇಳಿ ನೋಡಿ, ನಮ್ಮ ಓನರ್ ಕಡೆ ಕೈ ತೋರಿಸುತ್ತಾರೆ. ಎದುರು ಮನೆಯವರಿಗೆ ಎಷ್ಟು ಬರುತ್ತದೆಂದು ನೋಡಿ ಸಂಬಳ ಏರಿಸುವ ಪದ್ಧತಿ ನಾನು ಲೆಕ್ಕ ಬರೆಯುವ ಕಂಪನಿಗೆ ಇನ್ನೂ ಬಂದಿಲ್ಲವಾದ್ದರಿಂದ, ಹೆಂಡತಿಯೂ ನಾನೂ ಕೂತು 20,000ದ ಮೇಲೆ ಒಂದು ಪೈಸೆ ಇಲ್ಲ ಎಂದು ಗೆರೆ ಎಳೆದು ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿದೆವು.

ಮೊದಲ ಭಾನುವಾರ ಹನುಮಂತನಗರ, ಶ್ರೀನಗರ. ಬಜೆಟ್ ಕೇಳಿದ ಬ್ರೋಕರು, ರಕ್ತದ ರಿಪೋರ್ಟು ಕೈಯಲ್ಲಿ ಹಿಡಿದ ಡಾಕ್ಟರಂತೆ ನನ್ನನ್ನು ಒಮ್ಮೆ, ಹೆಂಡತಿಯನ್ನು ಒಮ್ಮೆ ನೋಡಿ, 'ಸ್ವಲ್ಪ ಔಟರ್‌ಗೆ ಹೋಗಿ ಸಾರ್' ಅಂದ. ಎರಡನೇ ಭಾನುವಾರ ಕತ್ತರಿಗುಪ್ಪೆ, ಹೊಸಕೆರೆಹಳ್ಳಿ. ಅಲ್ಲಿಯವರೂ ಔಟರ್ ಅಂದರು. ಉತ್ತರಹಳ್ಳಿಗೆ ಹೋದೆವು. ಉತ್ತರಹಳ್ಳಿಯ ಬ್ರೋಕರು ಟೀ ಲೋಟ ಹಿಡಿದ ಕೈಯಲ್ಲೇ ದಕ್ಷಿಣಕ್ಕೆ ತೋರಿಸಿದ. ಈ ಔಟರ್ ಎನ್ನುವ ಊರು ನಾವು ಹೋದಲ್ಲೆಲ್ಲ ಇನ್ನೊಂದು ಸ್ಟಾಪ್ ಆಚೆಗೆ ಸರಿದಿರುತ್ತಿತ್ತು. ಲಾಲ್‌ಬಾಗ್ ಬಂಡೆಯ ಮೇಲಿನ ಗೋಪುರವನ್ನು ಊರಿನ ಎಲ್ಲೆ ಎಂದು ನಿಲ್ಲಿಸಿದರಂತೆ. ಆ ಗೋಪುರ ಕಟ್ಟಿಸಿದ ಗೌಡರೇ ಈಗ ಬಂದು ಟು ಬಿಎಚ್‌ಕೆ ಕೇಳಿದರೂ ಬ್ರೋಕರು ಅವರನ್ನು ಹದಿಮೂರು ಕಿಲೋಮೀಟರು ಆಚೆ ತಲಘಟ್ಟಪುರಕ್ಕೆ ಕಳಿಸುತ್ತಾನೆ, ಕಳಿಸುವ ಮುಂಚೆ 'ಫ್ಯಾಮಿಲಿನಾ ಬ್ಯಾಚುಲರಾ' ಎಂದು ಕೇಳಿಯೇ ಕಳಿಸುತ್ತಾನೆ. 2025ರ ಸೆಪ್ಟೆಂಬರಿನಲ್ಲಿ ಒಂದಿದ್ದ ಪಾಲಿಕೆಯನ್ನು ಐದು ಮಾಡಿದರು. ಬಾಡಿಗೆಯನ್ನು ಮಾತ್ರ ಯಾರೂ ಭಾಗ ಮಾಡಲಿಲ್ಲ.

1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತ ಮೇಲೆ, ಮನೆ ಮನೆಯ ನಡುವೆ ಗಾಳಿ ಬೆಳಕು ಆಡಬೇಕು ಎಂದು ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳನ್ನು ಮಾಡಿದರು. ಆ ಪಾಠವನ್ನು ಮರೆಯಲು ನಮಗೆ ನೂರು ವರ್ಷ ಹಿಡಿಯಿತು. ಈಗ 30/40 ಸೈಟು, ಕೆಳಗೆ ಓನರು, ಮೇಲೆ ಮೂರು ಮಹಡಿ, ಮಹಡಿಗೆರಡು ಮನೆ. ನಾವು ನೋಡಿದ ಒಂದರಲ್ಲಿ ಎರಡನೇ ಬೆಡ್‌ರೂಮಿಗೆ ಮಂಚ ಹಾಕಿದರೆ ಬಾಗಿಲು ಹಾಕುವಂತಿಲ್ಲ, ಬಾಗಿಲು ಹಾಕಿದರೆ ಮಂಚ ಹಾಕುವಂತಿಲ್ಲ. ಇನ್ನೊಂದರಲ್ಲಿ ಅಡುಗೆಮನೆಯ ಕಿಟಕಿ ಪಕ್ಕದ ಮನೆಯ ಅಡುಗೆಮನೆಯ ಕಿಟಕಿಗೆ ಮೂಗು ತಾಗಿಸಿಕೊಂಡು ನಿಂತಿತ್ತು. ಅವರು ಒಗ್ಗರಣೆ ಹಾಕಿದಾಗ ಸೀನಿದ್ದು ನನ್ನ ಹೆಂಡತಿ. 'ವೆಂಟಿಲೇಷನ್ ಚೆನ್ನಾಗಿದೆ' ಅಂದರು ಓನರು.

ಜಾಹೀರಾತಿನಲ್ಲಿ ಮೆಟ್ರೋ ಹತ್ತಿರ ಎಂದಿದ್ದರೆ ಮೆಟ್ರೋ ಕಂಬಕ್ಕೆ ಹತ್ತಿರ ಎಂದು ಓದಿಕೊಳ್ಳಬೇಕು. ಕಂಬಗಳು ಊರುದ್ದಕ್ಕೂ ಇವೆ, ಸ್ಟೇಷನ್ನು ಮುಂದಿನ ವಾರ್ಡಿನಲ್ಲಿರುತ್ತದೆ. ಕಾವೇರಿ ಕನೆಕ್ಷನ್ ಇದೆ ಎಂದಿದ್ದರೆ ಕನೆಕ್ಷನ್ ಇದೆ. ನೀರಿನ ಮಾತು ಅವರು ಆಡಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿನವರು ದೇವರಾದದ್ದು, ಅದೇ ಅಕ್ಟೋಬರಿನಲ್ಲಿ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತದ ನೀರು ಹರಿಸಿದ್ದು, ಎರಡೂ ನಿಜ. ಕಾವೇರಮ್ಮ ನೂರು ಕಿಲೋಮೀಟರು ಗುಡ್ಡ ಹತ್ತಿ ಬರುತ್ತಾಳೆ, ತಕರಾರಿಲ್ಲ. ಆದರೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ಕೊನೆಯ ನಲವತ್ತು ಅಡಿ ಹತ್ತಲು ಓನರಮ್ಮನ ಧಾರಾವಾಹಿ ಮುಗಿದು ಅವರು ಮೋಟರಿನ ಸ್ವಿಚ್ಚು ಒತ್ತಬೇಕು.

ಮನೆ ನೋಡುವುದಾದ ಮೇಲೆ ಹೆಣ್ಣು ನೋಡುವ ಶಾಸ್ತ್ರ. ಹೆಣ್ಣು ನಾವು. ನಮ್ಮಿಬ್ಬರನ್ನೂ ಸೋಫಾದ ಅಂಚಿನಲ್ಲಿ ಕೂರಿಸಿ ಓನರ್ ದಂಪತಿ ಎದುರಿಗೆ ಕೂರುತ್ತಾರೆ. ಉಪ್ಪಿಟ್ಟು ಮಾತ್ರ ಇರುವುದಿಲ್ಲ.

'ಏನ್ ಜನ?'

'ಒಳ್ಳೇ ಜನ ಸಾರ್.'

'ಅದಲ್ಲ... ನೀವು ಯಾವ ಕಡೆಯೋರು ಅಂತ.'

'ತಿಪಟೂರು ಕಡೆ.'

'ಅದೂ ಅಲ್ಲ...' ಎಂದು ಅವರು ಹೆಂಡತಿಯ ಕೊರಳು, ನನ್ನ ಹಣೆ, ಅಂಗಿಯೊಳಗೆ ದಾರವೇನಾದರೂ ಕಾಣುತ್ತದೆಯೇ ಎಂದು ಹೆಗಲು, ಎಲ್ಲ ಹುಡುಕಿ ಸೋತು ಕೊನೆಗೆ ಹೊಟ್ಟೆಯ ದಾರಿ ಹಿಡಿಯುತ್ತಾರೆ. ಊಟ ತಿಂಡಿ ಹೇಗೆ? ಮೊಟ್ಟೆ? ಕೇಕ್ ತಿನ್ನುವಾಗ ಮಾತ್ರ ಎಂದರೆ ಓನರಮ್ಮ ಒಳಗೆ ಎದ್ದು ಹೋಗುತ್ತಾರೆ. ಜಾತಿ ಕೇಳಬಾರದು ಎನ್ನುವಷ್ಟು ನಾಗರಿಕತೆ ನಮಗೆ ಬಂದಿದೆ. ಕೇಳದೆ ತಿಳಿದುಕೊಳ್ಳುವ ಈ ಸರ್ಕಸ್ಸು ಆ ನಾಗರಿಕತೆಯ ಖರ್ಚು.

ನನ್ನ ಆಫೀಸಿನ ಗೆಳೆಯನೊಬ್ಬನಿದ್ದಾನೆ. ಶಿವಮೊಗ್ಗದವನು, ನನಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾನೆ. ಫೋನಿನಲ್ಲಿ ಓನರುಗಳು ಅವನ ಮಾತಿಗೆ ಮರುಳಾಗಿ ಬಾಡಿಗೆ ಒಂದು ಸಾವಿರ ಇಳಿಸಿದ್ದೂ ಉಂಟು. ಆಮೇಲೆ 'ನಿಮ್ಮ ಹೆಸರು ಹೇಳಲೇ ಇಲ್ವಲ್ಲ' ಎನ್ನುತ್ತಾರೆ. ಅವನು ಹೇಳುತ್ತಾನೆ. ಅವನ ಹೆಸರು ಆ ಕಡೆ ಕಿವಿಗೆ ಮುಟ್ಟಿದ ಅರೆಕ್ಷಣದಲ್ಲಿ ಯಾರೋ ಪುಣ್ಯಾತ್ಮರು ಆ ಮನೆಗೆ ಟೋಕನ್ ಅಡ್ವಾನ್ಸು ಕೊಟ್ಟುಬಿಟ್ಟಿರುತ್ತಾರೆ. 'ಈ ವರ್ಷ ಬರೀ ಹೆಸರು ಹೇಳಿ ಹದಿನೇಳು ಮನೆ ಬಾಡಿಗೆಗೆ ಹೋಗೋ ಹಾಗೆ ಮಾಡಿದೀನಿ ಮಾರಾಯ, ಒಬ್ಬನೂ ಕಮಿಷನ್ ಕೊಟ್ಟಿಲ್ಲ' ಎಂದು ಅವನು ನಗುತ್ತಾನೆ. ಆ ನಗುವಿಗೆ ಜೊತೆಗೂಡಿ ನಗಲು ನನಗೆ ಆಗುವುದಿಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಒಂದೊಂದನ್ನೂ ಹೆಸರಿಟ್ಟು, ಅಲ್ಲಿ ಧರ್ಮ ಜಾತಿ ನೋಡಿ ಯಾರನ್ನೂ ತಡೆಯಬಾರದು ಎಂದಿತು. ಆ ಪಟ್ಟಿಯಲ್ಲಿ ಬಾಡಿಗೆ ಮನೆ ಇಲ್ಲ. ನಮ್ಮ ಓನರುಗಳು ಸಂವಿಧಾನ ಓದಿರಲಿಕ್ಕಿಲ್ಲ, ಆದರೆ ಅದರಲ್ಲಿ ಏನು ಬರೆದಿಲ್ಲ ಎನ್ನುವುದು ಅವರಿಗೆ ಕರಾರುವಾಕ್ಕಾಗಿ ಗೊತ್ತು.

ಬ್ಯಾಚುಲರುಗಳ ಪಾಡು ಬೇರೆ. ನನ್ನ ಅಣ್ಣನ ಮಗನಿಗೆ ಮದುವೆಯಾಗದೆ ಮನೆ ಕೊಡುವವರಿಲ್ಲ, ಪಿ.ಜಿ.ಯ ಮೂರು ಮಂಚದ ರೂಮಿನಲ್ಲಿರುವವನಿಗೆ ಹೆಣ್ಣು ಕೊಡುವವರಿಲ್ಲ. ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ ಎಂದವರಿಗೆ ಬಾಡಿಗೆ ಮನೆಯ ವಿಷಯ ಖಂಡಿತ ಗೊತ್ತಿತ್ತು. ಹುಡುಗಿಯರಿಗಾದರೆ ರಾತ್ರಿ ಎಷ್ಟು ಗಂಟೆಗೆ ಬರುತ್ತೀರಿ, ಯಾರ ಜೊತೆ ಬರುತ್ತೀರಿ ಎಂಬ ಎರಡು ಪ್ರಶ್ನೆ ಹೆಚ್ಚು. 2023ರಲ್ಲಿ ಒಬ್ಬ ಹುಡುಗನಿಗೆ ಪಿ.ಯು.ಸಿ. ಮಟ್ಟದ ಪರೀಕ್ಷೆಯಲ್ಲಿ ಶೇಕಡಾ 75 ಮಾತ್ರ ಬಂದಿದೆ ಎಂದು ಬೆಂಗಳೂರಿನಲ್ಲಿ ಮನೆ ಕೊಡಲಿಲ್ಲ ಎನ್ನುವುದು ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಓನರು 90 ಬಯಸಿದ್ದರಂತೆ. ನಾನು ಆ ಸುದ್ದಿಯನ್ನು ಹೆಂಡತಿಗೆ ಓದಿ ಹೇಳಲಿಲ್ಲ. ನನ್ನ ಮಾರ್ಕ್ಸ್ ಕಾರ್ಡ್ ಅವಳು ಇನ್ನೂ ನೋಡಿಲ್ಲ.

ಇಷ್ಟೆಲ್ಲ ಪರೀಕ್ಷೆ ಯಾತಕ್ಕಾಗಿ ಎಂದು ಒಂದು ಭಾನುವಾರ ಸಂಜೆ ಲೆಕ್ಕ ಹಾಕುತ್ತಾ ಕೂತೆ. 20,000ದ ಮನೆ, ಹತ್ತು ತಿಂಗಳ ಅಡ್ವಾನ್ಸು, 2 ಲಕ್ಷ. ಬ್ಯಾಂಕಿನಲ್ಲಿ ಶೇಕಡಾ 7ಕ್ಕೆ ಇಟ್ಟರೆ ವರ್ಷಕ್ಕೆ 14,000, ತಿಂಗಳಿಗೆ 1,167. ಅಂದರೆ ನಾನು ಎಳೆದ 20,000ದ ಗೆರೆಯನ್ನು ಬೀಗದ ಕೈ ಮುಟ್ಟುವ ಮೊದಲೇ ದಾಟಿಯಾಗಿತ್ತು. ಮೂರು ಮಹಡಿಯ ಆರು ಮನೆಗೆ 12 ಲಕ್ಷ. ಬಡ್ಡಿ ಇಲ್ಲ, ಜಾಮೀನು ಇಲ್ಲ, ತೀರಿಸುವ ಗಡುವೂ ಇಲ್ಲ. ಯಾವ ಬ್ಯಾಂಕೂ ಕೊಡದ ಈ ಸಾಲವನ್ನು ಆರು ಸಂಸಾರಗಳು ಸೋಫಾದ ಅಂಚಿನಲ್ಲಿ ಕೂತು, 'ದಯವಿಟ್ಟು ತಗೊಳ್ಳಿ ಸಾರ್' ಎಂದು ಬೇಡಿಕೊಂಡು ಕೊಡುತ್ತವೆ. ಕೆಳಗಿನ ಮಹಡಿಯ ಅಡ್ವಾನ್ಸಿನಲ್ಲಿ ಮೇಲಿನ ಮಹಡಿ ಏಳುತ್ತದೆ, ಮೇಲಿನ ಮಹಡಿಯ ಅಡ್ವಾನ್ಸಿನಲ್ಲಿ ಓನರ್ ಮಗಳ ಮದುವೆ. ಕಟ್ಟಡದ ನೆತ್ತಿಯ ಮೇಲೆ ಗ್ರಾನೈಟಿನಲ್ಲಿ 'ಮಾತೃಕೃಪೆ', 'ಗುರುಕೃಪೆ' ಎಂದು ಕೆತ್ತಿಸುತ್ತಾರೆ. ಅಮ್ಮನೂ ಗುರುಗಳೂ ಒಟ್ಟು ಸೇರಿ ಎಷ್ಟು ಹಾಕಿದ್ದಾರೆಂದು ನನಗೆ ಗೊತ್ತಿಲ್ಲ. 'ಟೆನೆಂಟ್ ಕೃಪೆ' ಎಂಬ ಮನೆಯನ್ನಂತೂ ನಾನು ಈವರೆಗೆ ನೋಡಿಲ್ಲ.

ಇದರ ಇನ್ನೊಂದು ಸೊಗಸು, ಅಡ್ವಾನ್ಸು ಎನ್ನುವುದು ಯಾವ ಓನರ್ ಬಳಿಯೂ ಇರುವುದಿಲ್ಲ. ಹೋಗುವವನಿಗೆ ಕೊಡಬೇಕಾದರೆ ಬರುವವನು ಕೊಡಬೇಕು. ಅವನಿಗೆ ಕೊಡಲು ಅವನ ನಂತರದವನು. ಚೀಟಿ ವ್ಯವಹಾರ ಇದಕ್ಕಿಂತ ವಾಸಿ, ಅದರಲ್ಲಿ ಒಂದಲ್ಲ ಒಂದು ತಿಂಗಳು ಚೀಟಿ ನಮಗೂ ಎದ್ದೀತು ಎಂಬ ಆಸೆಯಾದರೂ ಇರುತ್ತದೆ.

ಕಾನೂನು ಇಲ್ಲವೇ ಎಂದು ಕೇಳುವವರಿದ್ದಾರೆ. ಬೇಕಾದಷ್ಟಿದೆ. ಕರ್ನಾಟಕದ್ದೇ 1999ರ ಬಾಡಿಗೆ ಕಾಯಿದೆ ಇದೆ, ಟೆನೆಂಟಿಗೆ ರಕ್ಷಣೆಯನ್ನೂ ಕೊಡುತ್ತದೆ, ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರದಿದ್ದರೆ. 3,500ಕ್ಕೆ ಮನೆ ಹುಡುಕಿಕೊಟ್ಟರೆ ನಾನು ರಕ್ಷಣೆಯನ್ನೇ ಬಿಟ್ಟುಕೊಡಲು ತಯಾರು. 2021ರ ಜೂನಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಕೂಡದು ಎನ್ನುತ್ತದೆ. ಹೆಸರೇ ಮಾದರಿ. ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಂತ ಗೊಂಬೆಯ ಮೈಮೇಲೆ ಸೀರೆ ಚೆಂದ ಕಾಣುತ್ತದೆ, ರಾಜ್ಯ ಕೊಂಡು ತಂದರೆ ತಾನೇ ನಾವು ಉಡುವುದು. ಈ ಎರಡು ತಿಂಗಳ ವಿಷಯವನ್ನು ನಾನೊಮ್ಮೆ ಒಬ್ಬ ಓನರಿಗೆ ಹೇಳಿದೆ. ಅವರು ನನಗಿಂತ ಒಳ್ಳೆಯ ಟೆನೆಂಟು ಸಿಕ್ಕಿದ್ದಾರೆಂದು ಸಂಜೆ ಫೋನ್ ಮಾಡಿದರು.

ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಮಾಡಿಸಲೇಬೇಕು ಎಂದು 1908ರ ಕಾಯಿದೆ ಹೇಳಿತು. ಅಂದಿನಿಂದ ಬಾಡಿಗೆದಾರನ ಪಂಚಾಂಗದಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳು. ಆದಾಯ ತೆರಿಗೆಯವರು ದಶಕಗಳ ಕಾಲ ಬಾಡಿಗೆ ಭತ್ಯೆಯ ಲೆಕ್ಕಕ್ಕೆ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳನ್ನು ಮಾತ್ರ ಮಹಾನಗರ ಎಂದು ಎಣಿಸಿ ಅಲ್ಲಿಯವರಿಗೆ ಸಂಬಳದ ಶೇಕಡಾ 50ರ ಮಿತಿ ಕೊಟ್ಟು, ಬೆಂಗಳೂರನ್ನು ಚಿಕ್ಕ ಊರುಗಳ ಸಾಲಿನಲ್ಲಿ ಕೂರಿಸಿ 40 ಬಡಿಸಿದರು. ಆ ಕಡತಕ್ಕೆ ಸಹಿ ಹಾಕಿದವರು ಇಲ್ಲಿ ಮನೆ ಹುಡುಕಿದವರಲ್ಲ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಓನರ್ ಪ್ಯಾನ್ ನಂಬರು ಆಫೀಸಿಗೆ ಕೊಡಬೇಕು. ಪ್ಯಾನ್ ಕೇಳಿದ್ದಕ್ಕೆ ಹಿಂದಿನ ಓನರೊಬ್ಬರು ಪಾನ್ ಇಲ್ಲದೆಯೇ ಉಗಿದರು.

1990ರ 'ಗಣೇಶನ ಮದುವೆ' ನೋಡಿದಾಗ ಅನಂತನಾಗ್ ಮತ್ತು ವಠಾರದ ಓನರ್ ಮುಖ್ಯಮಂತ್ರಿ ಚಂದ್ರು ಅವರ ಜಟಾಪಟಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಚೆಗೆ ಟೀವಿಯಲ್ಲಿ ಮತ್ತೆ ಬಂದಾಗ ನಗು ಬರಲಿಲ್ಲ, ಹೊಟ್ಟೆಕಿಚ್ಚಾಯಿತು. ಓನರ್ ಮುಖಕ್ಕೆ ಮುಖ ಕೊಟ್ಟು ಹಾಗೆ ಜಗಳವಾಡುವುದೇ! ಹತ್ತು ತಿಂಗಳ ಬಾಡಿಗೆ ಸಿಕ್ಕಿಹಾಕಿಕೊಂಡವನು ಆಡುವ ಮಾತೇ ಅದು?

ಆಷಾಢ ಬಂತು. ಆಷಾಢದಲ್ಲಿ ನಮ್ಮವರು ಮನೆ ಬದಲಿಸುವುದಿಲ್ಲ. ಟು-ಲೆಟ್ ಬೋರ್ಡು ಮಳೆಯಲ್ಲಿ ನೆನೆಯುತ್ತದೆ, ಓನರ್ ದನಿ ಒಂದು ಮಾತ್ರೆ ಮೆತ್ತಗಾಗುತ್ತದೆ. ಇಡೀ ವರ್ಷದಲ್ಲಿ ಬಾಡಿಗೆದಾರನಿಗೆಂದು ಪಂಚಾಂಗದವರು ಬಿಟ್ಟುಕೊಟ್ಟ ರಿಯಾಯಿತಿ ಮಾಸ ಇದೊಂದೇ. ಆ ಮಾಸದಲ್ಲೇ ತಲಘಟ್ಟಪುರದ ಒಳಗಿನ ಒಂದು ಕ್ರಾಸಿನಲ್ಲಿ, ಮೊದಲ ಮಹಡಿಯಲ್ಲಿ, ಮಂಚವನ್ನೂ ಬಾಗಿಲನ್ನೂ ಏಕಕಾಲಕ್ಕೆ ಹಾಕಬಹುದಾದ ಮನೆ ಸಿಕ್ಕಿತು. 22,000 ಎಂದವರು ಶ್ರಾವಣದ ಒಂದನೇ ತಾರೀಕಿನವರೆಗೆ ಕಾಯುವ ಭಯಕ್ಕೆ 20,000ಕ್ಕೆ ಇಳಿದರು.

ಮನೆ ತೋರಿಸಿದವರು ಬಿಟ್ಟುಹೋಗುತ್ತಿದ್ದ ಟೆನೆಂಟು. ಎಂಥ ಸಜ್ಜನ! ಓನರ್ ತನ್ನ ಮನೆಯನ್ನು ಅಷ್ಟು ಹೊಗಳಲಾರ. ಗಾಳಿ ಅಂದರು, ಬೆಳಕು ಅಂದರು, ಓನರಮ್ಮ ಸಾಕ್ಷಾತ್ ಅನ್ನಪೂರ್ಣೆ ಅಂದರು. ಬೆಡ್‌ರೂಮಿನ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತುಹಾಕಿದ್ದರು, ಸೊಂಟದ ಎತ್ತರದಲ್ಲಿ. ಮಕ್ಕಳಿಗೆ ತಿಥಿ ನೋಡುವ ಅಭ್ಯಾಸವಾಗಲಿ ಎಂದಿರಬೇಕು ಎಂದುಕೊಂಡು ನಾನು ಮನಸ್ಸಿನಲ್ಲೇ ಮೆಚ್ಚಿದೆ. 'ನೀರು ಹೇಗೆ?' ಎಂದು ಹೆಂಡತಿ ಕೇಳಿದ್ದಕ್ಕೆ, 'ನೀರಿಗೆ ಏನೂ ಕೊರತೆ ಇಲ್ಲಮ್ಮ' ಎಂದು ಅವರು ಬೇರೆ ಕಡೆ ನೋಡುತ್ತಾ ಅಂದರು.

ಹಳೇ ಓನರ್ ಬಳಿ ಇದ್ದ ನನ್ನ ಅಡ್ವಾನ್ಸು 1,20,000. ಅದರಲ್ಲಿ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ 16,000 ಮುರಿದುಕೊಳ್ಳುವುದು ಪದ್ಧತಿ. ನನಗೆ ತಿಳಿದಂತೆ ಆ ಗೋಡೆಗೆ ಬಣ್ಣ ಬಳಿದದ್ದು ಒಮ್ಮೆ, ಬಣ್ಣದ ದುಡ್ಡು ಮುರಿದದ್ದು ನಾಲ್ಕು ಟೆನೆಂಟುಗಳಿಂದ. ಉಳಿದ 1,04,000 ಕೇಳಿದ್ದಕ್ಕೆ ಓನರು ಕೈ ಅಗಲಿಸಿ, 'ಹೊಸಬರು ಬರಲಿ, ಅವರು ಕೊಟ್ಟ ತಕ್ಷಣ ನಿಮ್ಮದು' ಅಂದರು. ಅಮೆರಿಕದ ಮಗನ ಮಾತು ಏನಾಯಿತು ಎಂದು ನಾನು ಕೇಳಲಿಲ್ಲ. ತಲಘಟ್ಟಪುರದವರಿಗೋ 2 ಲಕ್ಷ ಈಗಲೇ ಬೇಕು. ಹೆಂಡತಿಯ ಬಳೆ ಬ್ಯಾಂಕಿಗೆ ಹೋದವು. ಬ್ಯಾಂಕಿನವರು ನನಗೆ ಸಾಲ ಕೊಡುವ ಮುಂಚೆ ಆಧಾರ್ ನೋಡಿದರು, ಪ್ಯಾನ್ ನೋಡಿದರು, ಬಳೆ ತೂಗಿದರು, ತಿಕ್ಕಿದರು, ಏಳು ಕಡೆ ಸಹಿ ಹಾಕಿಸಿದರು. ಅದೇ ದುಡ್ಡನ್ನು ಸಂಜೆ ನಾನು ಹೊಸ ಓನರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟೆ. ಪರಿಶೀಲನೆ ಅಲ್ಲೂ ನಡೆಯಿತು. ಸಾಲಗಾರರು ಸಾಲ ಕೊಡುವವನ ಹೆಂಡತಿಯನ್ನು ಮನೆಯಲ್ಲಿ ಮೀನು ಹುರಿಯುತ್ತೀರಾ ಎಂದು ಕೇಳಿದರು.

ಅಗ್ರಿಮೆಂಟಿನಲ್ಲಿ ಇಪ್ಪತ್ತಮೂರು ಷರತ್ತು. ಇಪ್ಪತ್ತೊಂದು ನನಗೆ, ಎರಡು ಇಬ್ಬರಿಗೂ. ಒಂಬತ್ತನೆಯದು, ಗೋಡೆಗೆ ಮೊಳೆ ಹೊಡೆಯಬಾರದು. ಈ ಷರತ್ತು ಗಿರಿನಗರದ ಮನೆಯಲ್ಲೂ ಇತ್ತು. ಆರು ವರ್ಷ ನಮ್ಮ ಮದುವೆಯ ಫೋಟೋ ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿಕೊಂಡೇ ನಿಂತಿತ್ತು. ಗಡಿಯಾರ ಕಿಟಕಿಯ ಕಂಬಿಗೆ ದಾರದಲ್ಲಿ ನೇತಾಡುತ್ತಿತ್ತು, ಜೋರು ಗಾಳಿ ಬಂದರೆ ಗಂಟೆ ಎಷ್ಟೆಂದು ತಿಳಿಯಲು ಹಿಡಿದು ನಿಲ್ಲಿಸಬೇಕಿತ್ತು. ಒಂದು ಸಲ ಸೊಳ್ಳೆಪರದೆಗೆಂದು ಸುತ್ತಿಗೆಯ ಸದ್ದು ಕೇಳಿಸಿದ್ದಕ್ಕೆ ಓನರು ಎರಡು ಮಹಡಿಯನ್ನು ಚಪ್ಪಲಿ ಹಾಕಿಕೊಳ್ಳದೆ ಹತ್ತಿ ಬಂದಿದ್ದರು.

ಹೊಸಬರು ಮನೆ ನೋಡಲು ಬರುವ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದದ್ದೂ ಅವರೇ. ಕಂಕುಳಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್, ಬಲಗೈಯಲ್ಲಿ ಸುತ್ತಿಗೆ, ತುಟಿಯ ನಡುವೆ ಎರಡಿಂಚಿನ ಮೊಳೆ. ನೇರ ನಮ್ಮ ಬೆಡ್‌ರೂಮಿಗೆ ನಡೆದರು. ಪಕ್ಕದ ಬಾತ್‌ರೂಮಿನಿಂದ ಒಸರಿ ಒಸರಿ ಗೋಡೆಯಲ್ಲಿ ಆರು ವರ್ಷದಿಂದ ಒಂದು ನಕ್ಷೆ ಬೆಳೆಯುತ್ತಿತ್ತು. ಮೊದಲು ಶ್ರೀಲಂಕಾದಷ್ಟಿದ್ದದ್ದು ಈ ಮಳೆಗಾಲಕ್ಕೆ ಆಸ್ಟ್ರೇಲಿಯಾ ಆಗಿತ್ತು. ನಾನು ಅದನ್ನು ತೋರಿಸಿದಾಗಲೆಲ್ಲ ಅವರು 'ಬೇಸಿಗೆಗೆ ಒಣಗುತ್ತೆ' ಎನ್ನುತ್ತಿದ್ದರು. ಈಗ ಅದರ ಮುಂದೆ ಕೂತು, ಅಂಗೈಯಲ್ಲಿ ಅಳೆದು, ಸೊಂಟದೆತ್ತರಕ್ಕೆ ಗುರುತು ಹಾಕಿ, 'ಸ್ವಲ್ಪ ಹಿಡ್ಕೊಳಿ' ಎಂದು ಕ್ಯಾಲೆಂಡರನ್ನು ನನ್ನ ಕೈಗೆ ಕೊಟ್ಟು ಮೂರೇ ಏಟಿಗೆ ಮೊಳೆ ಇಳಿಸಿದರು. ನೆಂದ ಗೋಡೆ, ತಡೆ ಇರಲಿಲ್ಲ. ಕ್ಯಾಲೆಂಡರ್ ನೇತುಬಿದ್ದಿತು. ಆಸ್ಟ್ರೇಲಿಯಾ ಮುಚ್ಚಿತು, ಟ್ಯಾಸ್ಮೇನಿಯಾ ಸ್ವಲ್ಪ ಕೆಳಗೆ ಇಣುಕುತ್ತಿತ್ತು. ಅದಕ್ಕೆ ನಾನೇ ಒಗೆಯುವ ಬಟ್ಟೆಯ ಬುಟ್ಟಿ ಎಳೆದು ಅಡ್ಡ ಇಟ್ಟೆ. ಓನರು ನನ್ನ ಬೆನ್ನು ತಟ್ಟಿದರು. ಆರು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಬಂದವರು ಹಾಸನದ ಕಡೆಯ ಗಂಡ ಹೆಂಡತಿ. ಮದುವೆಯಾಗಿ ವರ್ಷವಾಗಿರಲಿಕ್ಕಿಲ್ಲ. ಕೆಳಗೆ ಸೋಫಾದ ಅಂಚಿನಲ್ಲಿ ಕೂತು ಎಲ್ಲ ಉತ್ತರ ಹೇಳಿ ಮೇಲೆ ಹತ್ತಿದ್ದರು, ಹುಡುಗನ ಹಣೆಯಲ್ಲಿ ಇನ್ನೂ ಬೆವರಿತ್ತು. ನಾನು ಮನೆ ತೋರಿಸಿದೆ. ಗಾಳಿ ಅಂದೆ, ಬೆಳಕು ಅಂದೆ. ಓನರನ್ನು ದೇವರಂಥವರು ಅನ್ನುವಾಗ ಗಂಟಲು ಸ್ವಲ್ಪ ಹಿಡಿಯಿತು, ಅದು ಅಗಲಿಕೆಯ ದುಃಖ ಎಂದು ಅವರು ತಿಳಿದರು. ಹುಡುಗಿ ಜಾಣೆ, ಬೆಡ್‌ರೂಮಿನಲ್ಲಿ ನಿಂತು ಮೂಗು ಸ್ವಲ್ಪ ಅರಳಿಸಿದಳು. 1,04,000 ರೂಪಾಯಿ ನನ್ನ ಕಣ್ಣ ಮುಂದೆ ಬಂತು, ಅದರ ಹಿಂದೆ ಬಳೆ.

'ಅಂಕಲ್, ಇಲ್ಲಿ ನೀರು ಹೇಗೆ?'

'ನೀರಿಗೆ ಏನೂ ಕೊರತೆ ಇಲ್ಲಮ್ಮ' ಅಂದೆ. ಅಂದಾದ ಮೇಲೆ ಈ ಮಾತನ್ನು ಇಷ್ಟೇ ಅಕ್ಷರಗಳಲ್ಲಿ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು.

ಬುಧವಾರ ಅವರು ಅಡ್ವಾನ್ಸು ಕೊಟ್ಟರು, ಗುರುವಾರ ನನ್ನದು ಬಂತು, ಶುಕ್ರವಾರ ಬಳೆ ಬಿಡಿಸಿಕೊಂಡೆವು, ಅರ್ಧ. ಶ್ರಾವಣದ ಮೊದಲ ಭಾನುವಾರ ಸಾಮಾನು ಇಳಿಸುವ ಮುಂಚೆ ತಲಘಟ್ಟಪುರದ ಮನೆಯ ಬೀಗ ತೆಗೆದೆವು. ಹಳೇ ಟೆನೆಂಟು ಬಲ್ಬುಗಳನ್ನೂ ಬಿಡದೆ ಒಯ್ದಿದ್ದರು. ಬೆಡ್‌ರೂಮಿನಲ್ಲಿ ಕ್ಯಾಲೆಂಡರ್ ಮಾತ್ರ ಬಿಟ್ಟುಹೋಗಿದ್ದರು, ಅದರಲ್ಲಿನ್ನೂ ಜೂನ್ ತಿಂಗಳೇ ಇತ್ತು. ಕೆಳತುದಿಯ ಕಾಗದ ಉಬ್ಬಿ ಬೆಂಡಾಗಿತ್ತು.

ಹೆಂಡತಿ ಅದನ್ನು ಕಿತ್ತು ಬಿಸಾಡಲು ಕೈ ಚಾಚಿದಳು.

'ಬೇಡ, ಹಾಗೇ ಇರಲಿ' ಅಂದೆ, 'ಖಾಲಿ ಮಾಡುವಾಗ ಬೇಕಾಗುತ್ತೆ.'